ಗರಡಿಯಿಲ್ಲದ ಓಟ

ಬೆಳಗಾವಿ, ಧಾರವಾಡ, ವಿಜಯಪುರಗಳ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದವರು ಇಲ್ಲಿಯ ಹಳೆಯ ಪೇಟೆಗಳಲ್ಲಿ ಅಡ್ಡಾಡುವಾಗ ಒಂದು ಮಾತು ತವರಿನ ನೆಂಟನಂತೆ ಎದುರಾಗುತ್ತದೆ. ಅದು ‘ತಾಲೀಮು’. ಶುಕ್ರವಾರ ಪೇಟೆಯ ಚಿಂಚೇಚಿ ತಾಲೀಮಿನ ಹೆಸರು ಕೇಳದ ಹಳೆಯ ಪುಣೇಕರರು ಕಡಿಮೆ. ಕಲಿಸುವಿಕೆ ಎಂಬ ಅರ್ಥದ ಈ ಅರಬ್ಬೀ ಶಬ್ದ ದಖ್ಖನಿಗೆ ಬಂದು ಮರಾಠಿಯಲ್ಲಿ ಕುಸ್ತಿಯ ಮನೆಗೇ ಹೆಸರಾಯಿತು. ಕನ್ನಡದಲ್ಲಿ ಅದು ಇನ್ನೂ ಹರಡಿಕೊಂಡಿತು. ಗರಡಿಯ ಸಾಮು, ನಾಟಕದ ಪೂರ್ವಾಭ್ಯಾಸ, ದಸರೆಗೆ ಮುನ್ನ ಮೈಸೂರಿನ ಬೀದಿಗಳಲ್ಲಿ ಆನೆಗಳ ನಡಿಗೆ, ಎಲ್ಲವೂ ನಮಗೆ ತಾಲೀಮೇ.

ಆದರೆ ಒಂದು ವಿದ್ಯೆಗೆ ಮಾತ್ರ ನಮ್ಮಲ್ಲಿ ಬಹುಕಾಲ ತಾಲೀಮಿನ ಮನೆ ಇರಲಿಲ್ಲ. ಕುಸ್ತಿಗೆ ಕೆಮ್ಮಣ್ಣಿನ ಅಖಾಡವಿತ್ತು, ಉಸ್ತಾದನಿದ್ದ, ದಂಡ-ಬೈಠಕುಗಳ ಲೆಕ್ಕವಿತ್ತು, ಹಾಲು-ಬಾದಾಮಿಯ ಕಟ್ಟಳೆಯಿತ್ತು, ಪೋಷಿಸುವ ದೊರೆಗಳಿದ್ದರು. ಕೊಲ್ಲಾಪುರದ ಶಾಹೂ ಮಹಾರಾಜರು ಕುಸ್ತಿಗೆಂದೇ ಖಾಸಬಾಗ್ ಮೈದಾನವನ್ನು ಕಟ್ಟಿಸಿದರು. ಓಟಕ್ಕೆ ಇವೊಂದೂ ಇರಲಿಲ್ಲ. ಓಟವೆಂದರೆ ಕೆಲಸದ ಒಂದು ಭಾಗ, ಹೊಟ್ಟೆಪಾಡು. ಹೀಗೆ ಗರಡಿಯಿಲ್ಲದೆ ಬೆಳೆದ ಓಟವೊಂದು ಪುಣೆಯ ಮೈದಾನದಿಂದ ಹೊರಟು ಜಗತ್ತಿನ ಕಣ್ಣಿಗೆ ಬಿದ್ದ ಕಥೆಯನ್ನೂ, ಇಂದು ಅದೇ ಊರಿನ ಗುಡ್ಡಗಳಲ್ಲಿ ಕೈಗಡಿಯಾರ ಕಟ್ಟಿಕೊಂಡು ಓಡುವ ನಮ್ಮಂಥವರಿಗೂ ಆ ಕಥೆಗೂ ಇರುವ ನಂಟನ್ನೂ ಇಲ್ಲಿ ನೆನೆಯಬೇಕೆಂದಿದ್ದೇನೆ.

1920ರ ಆಗಸ್ಟ್ 22ರಂದು ಬೆಲ್ಜಿಯಂನ ಆಂಟ್‌ವರ್ಪ್ ನಗರದಲ್ಲಿ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ಅದರ ಫಲಿತಾಂಶದ ಪಟ್ಟಿಯಲ್ಲಿ ಹತ್ತೊಂಬತ್ತನೆಯ ಸಾಲಿನಲ್ಲಿರುವ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಊರು ಬೆಳಗಾವಿ. ಕಾಲ 2 ಗಂಟೆ 50 ನಿಮಿಷ 45.4 ಸೆಕೆಂಡು. ಭಾರತದ ಹೆಸರಿನಲ್ಲಿ ಮೊದಲ ಬಾರಿಗೆ ಒಂದು ತಂಡವಾಗಿ ಒಲಿಂಪಿಕ್ಸ್‌ಗೆ ಹೋದವರಲ್ಲಿ ಇವರೊಬ್ಬರು. ಇದಕ್ಕೆ ಮುನ್ನ 1900ರಲ್ಲಿ ಪ್ಯಾರಿಸ್‌ನಲ್ಲಿ ನಾರ್ಮನ್ ಪ್ರಿಚರ್ಡ್ ಒಬ್ಬರೇ ಓಡಿ ಎರಡು ಬೆಳ್ಳಿ ಪದಕ ಗಳಿಸಿದ್ದುಂಟು, ತಂಡವೆಂಬುದು ಇರಲಿಲ್ಲ. ಫಲಿತಾಂಶದ ಆ ಒಂದು ಸಾಲು ಹೇಳುವುದು ಒಂದು ಮಧ್ಯಾಹ್ನದ ಸುದ್ದಿಯನ್ನಷ್ಟೇ. ಆ ಮಧ್ಯಾಹ್ನಕ್ಕೆ ಆ ಕಾಲುಗಳು ಹೇಗೆ ಸಜ್ಜಾದವು ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ ಇನ್ನಷ್ಟು ಹಿಂದಕ್ಕೆ ಹೋಗಬೇಕು.

ಓಟವು ಆಟವಾಗುವ ಮುನ್ನ ಅದೊಂದು ಚಾಕರಿಯಾಗಿತ್ತು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ, ಹದಿನೇಳನೆಯ ಶತಮಾನದಲ್ಲಿಯೇ, ಅಂಚೆಯ ಏರ್ಪಾಡು ಬಂದಿತ್ತು. 1889ರಲ್ಲಿ ಬ್ರಿಟಿಷ್ ಅಂಚೆಯೊಡನೆ ಸೇರುವವರೆಗೂ ಅದು ತನ್ನದೇ ಆಗಿ ನಡೆದುಕೊಂಡು ಬಂತು. ಗೆಜ್ಜೆ ಕಟ್ಟಿದ ಕೋಲು ಹಿಡಿದು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಡಿ ಚೀಲ ದಾಟಿಸುವವನ ಕಾಲೇ ಆ ವ್ಯವಸ್ಥೆಯ ಆಧಾರ. ಪೇಶ್ವೆಯರ ಪುಣೆಯಲ್ಲಿ ಈ ಕೆಲಸ ಮಾಡುತ್ತಿದ್ದವರಿಗೆ ಜಾಸೂದ, ಕಾಸೀದ, ಹರಕಾರಾ ಎಂಬ ಹೆಸರುಗಳಿದ್ದವು. ಈ ಹರಕಾರಾ ಕನ್ನಡದಲ್ಲಿ ‘ಹರಿಕಾರ’ನಾದ. ಇಂದು ನಾವು ಒಂದು ಹೊಸ ದಾರಿ ತೋರಿದವರನ್ನು ಹರಿಕಾರರೆಂದು ಕರೆದು ಶಾಲು ಹೊದಿಸುತ್ತೇವೆ. ಆ ಗೌರವದ ಮಾತಿನ ಮೂಲದಲ್ಲಿರುವವನು ಧೂಳು ಮೆತ್ತಿದ ಕಾಲಿನ ಸುದ್ದಿಗಾರ. ಪದಕ್ಕೆ ದೊರೆತ ಮಾನ ಆ ಪದವನ್ನು ಹೊತ್ತು ಓಡಿದವನಿಗೆ ದೊರೆಯಲಿಲ್ಲ.

ಸಹ್ಯಾದ್ರಿಯ ಅತಿ ಪ್ರಸಿದ್ಧವಾದ ರಾತ್ರಿಯೋಟವೂ ಇಂಥದ್ದೇ. 1660ರ ಜುಲೈ ತಿಂಗಳು. ಬಿಜಾಪುರದ ಆದಿಲಶಾಹಿಯ ಸರದಾರ ಸಿದ್ದಿ ಜೌಹರ್ ಪನ್ಹಾಳ ಕೋಟೆಯನ್ನು ಮುತ್ತಿದ್ದ. ಶಿವಾಜಿ ಮಹಾರಾಜರು ಮಳೆಯ ರಾತ್ರಿಯಲ್ಲಿ ಪಲ್ಲಕ್ಕಿಯೇರಿ ವಿಶಾಲಗಡದ ಕಡೆಗೆ ಪಾರಾದರು. ಹಾದಿ ಸುಮಾರು 60 ಕಿಲೋಮೀಟರು. ಕಾಡು, ಕೆಸರು, ಕಣಿವೆ. ಕಣಿವೆಯ ಬಾಯಲ್ಲಿ ನಿಂತು ಶತ್ರುವನ್ನು ತಡೆದು ಮಡಿದ ಬಾಜಿಪ್ರಭುವಿನ ಹೆಸರು ಪ್ರತಿ ಮಕ್ಕಳ ಪಠ್ಯದಲ್ಲಿದೆ. ಮಹಾರಾಜರ ವೇಷ ತೊಟ್ಟು ಶತ್ರುವಿನ ಕೈಗೆ ಸಿಕ್ಕ ಶಿವಾ ಕಾಶೀದನ ಹೆಸರೂ ಉಳಿದಿದೆ. ಆದರೆ ಪಲ್ಲಕ್ಕಿಯ ದಂಡಿಗೆಯನ್ನು ಹೆಗಲ ಮೇಲಿಟ್ಟು, ಜಾರುವ ಕಲ್ಲಿನ ಮೇಲೆ ಕತ್ತಲೆಯಲ್ಲಿ ಹೆಜ್ಜೆ ತಪ್ಪದಂತೆ ಓಡಿದವರು ಯಾರು? ಇಂದು ಮಳೆಗಾಲದಲ್ಲಿ ಅದೇ ಹಾದಿಯಲ್ಲಿ ಚಾರಣಿಗರ ಗುಂಪುಗಳು ಹೋಗುತ್ತವೆ. ಬೆನ್ನ ಮೇಲೆ ಒಂದು ಸಣ್ಣ ಚೀಲವಿದ್ದರೂ ಆ ಕೆಸರಿನಲ್ಲಿ ಮೊಣಕಾಲು ನಡುಗುವುದನ್ನು ಕಂಡವರಿಗೆ, ಹೆಗಲ ಮೇಲೆ ಪಲ್ಲಕ್ಕಿ ಹೊತ್ತವರ ತಾಲೀಮು ಎಂಥದ್ದಿರಬೇಕೆಂಬ ಊಹೆ ಬಾರದೆ ಇರದು.

1863ರಲ್ಲಿ ಭೋರ್ ಘಾಟಿನ ಏರು ಹಳಿ ತೆರೆದು ಮುಂಬಯಿ-ಪುಣೆಗಳ ನಡುವೆ ರೈಲು ನಿರಾತಂಕವಾಗಿ ಓಡತೊಡಗಿತು. ಹೆದ್ದಾರಿಯ ಸುದ್ದಿಗೆ ಕಾಲಿನ ಹಂಗು ಉಳಿಯಲಿಲ್ಲ. ಓಟಗಾರ ರೈಲು ಮುಟ್ಟದ ಹಳ್ಳಿಗಳ ಕಡೆಗೆ ಸರಿದ. ಆದರೆ ಹಳ್ಳಿಗಾಡಿನಲ್ಲಿ ಕಾಲು ಸುಮ್ಮನಿರಲಿಲ್ಲ. ಹೊಲಕ್ಕೆ, ಸಂತೆಗೆ, ಜಾತ್ರೆಗೆ ಹತ್ತಾರು ಮೈಲಿ ಬರಿಗಾಲಲ್ಲಿ ಹೋಗಿಬರುವುದು ದಿನಚರಿಯಾಗಿತ್ತು. ಅದನ್ನು ಯಾರೂ ವ್ಯಾಯಾಮ ಎನ್ನಲಿಲ್ಲ.

ಇಂಥ ಕಾಲುಗಳನ್ನು ಮೊದಲು ಗಡಿಯಾರದ ಎದುರು ನಿಲ್ಲಿಸಿದ್ದು ಪುಣೆಯ ಡೆಕ್ಕನ್ ಜಿಮಖಾನಾ. ಬಾಳಕೃಷ್ಣ ನಾರಾಯಣ ಭಾಜೇಕರರು 1906ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಹೆಸರೇ ಈಗ ಒಂದು ಬಡಾವಣೆಯ ಹೆಸರೂ ಆಗಿದೆ. ದಿನವೂ ಬಸ್ಸಿನ ಕಂಡಕ್ಟರರ ಬಾಯಲ್ಲಿ ‘ಡೆಕ್ಕನ್’ ಎಂದು ಮೊಳಗುತ್ತದೆ. 1919ರಲ್ಲಿ ಸರ್ ದೋರಾಬ್ಜಿ ಟಾಟಾ ಇದರ ಅಧ್ಯಕ್ಷರಾದರು. ಜಿಮಖಾನಾದ ಕ್ರೀಡಾಕೂಟದಲ್ಲಿ ತಾವು ಕಂಡದ್ದನ್ನು ಅವರು ಹತ್ತು ವರ್ಷಗಳ ಬಳಿಕ, 1929ರಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ನೆನಪಿಸಿಕೊಂಡಿದ್ದಾರೆ. ಓಡಲು ಬಂದವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಉಣ್ಣುವುದು ಬಡವರ ಅನ್ನ. ಯುರೋಪಿನ ನಿಯಮಗಳಾಗಲಿ ಹೊಸ ಬಗೆಯ ತರಬೇತಿಯಾಗಲಿ ಅವರಿಗೆ ಗೊತ್ತಿರಲಿಲ್ಲ. ಮೈದಾನ ಎಷ್ಟು ಚಿಕ್ಕದೆಂದರೆ ನೂರು ಗಜದ ಓಟವನ್ನೂ ತಿರುವಿನಲ್ಲಿಯೇ ಓಡಿಸಬೇಕಿತ್ತು. ಸುಮಾರು ಇಪ್ಪತ್ತೈದು ಮೈಲಿಯ ಒಂದು ಓಟಕ್ಕೆ ಅವರು ‘ಮ್ಯಾರಥಾನ್’ ಎಂದು ಹೆಸರಿಟ್ಟಿದ್ದರು. ಗಟ್ಟಿ ಜಲ್ಲಿ ರಸ್ತೆಯ ಮೇಲೆ, ಮಣ್ಣಿನ ದಾರಿಯ ಮೇಲೆ ಬರಿಗಾಲಲ್ಲಿ ಓಡಿದ ಅವರಲ್ಲಿ ಮೊದಲ ಮೂರು-ನಾಲ್ಕು ಜನರ ವೇಗ ಯುರೋಪಿನವರಿಗಿಂತ ಹೆಚ್ಚೇನೂ ಹಿಂದೆ ಇರಲಿಲ್ಲ ಎಂಬುದು ಟಾಟಾ ಅವರಿಗೆ ಅಚ್ಚರಿ ತಂದಿತು. ಆಗಿನ ಮುಂಬಯಿ ಗವರ್ನರರ ಮುಂದೆ ಒಲಿಂಪಿಕ್ಸ್‌ಗೆ ಭಾರತವನ್ನೂ ಕಳಿಸುವ ಮಾತು ಎತ್ತಿದ್ದು ಈ ಅಚ್ಚರಿಯಿಂದಲೇ.

ಆ ದಿನಗಳ ಅರಿವು ಎಷ್ಟಿತ್ತೆಂಬುದಕ್ಕೆ ಒಂದು ಪ್ರಸಂಗ ಉಳಿದುಬಂದಿದೆ. ತಂಡದೊಡನೆ ಮ್ಯಾನೇಜರರಾಗಿ ಹೋದ ಸೊಹ್ರಾಬ್ ಭೂತ್ ಹೇಳಿದ್ದು ಅದು. ನೂರು ಗಜದ ಓಟಕ್ಕೆ ಒಲಿಂಪಿಕ್ಸ್‌ನಲ್ಲಿ ಎಷ್ಟು ಕಾಲ ಬೇಕಾದೀತೆಂದು ಕೇಳಿದಾಗ, ಜಿಮಖಾನಾದ ಪ್ರಮುಖರೊಬ್ಬರು ಒಂದೆರಡು ನಿಮಿಷ ಹಿಡಿದೀತು ಎಂದರಂತೆ. ಅಲ್ಲಿಯ ಲೆಕ್ಕ ನಿಮಿಷಗಳದ್ದಲ್ಲ, ಸೆಕೆಂಡುಗಳದ್ದು, ಸೆಕೆಂಡಿನ ಹತ್ತನೆಯ ಭಾಗಗಳದ್ದು ಎಂದು ತಿಳಿದಾಗ ಅವರು ಬೆರಗಾದರಂತೆ. ಇದನ್ನು ಓದಿ ನಗುವುದು ಸುಲಭ. ಆದರೆ ಆ ಬೆರಗಿನಲ್ಲಿ ಒಂದು ಸತ್ಯವೂ ಇದೆ. ಓಟವನ್ನು ಹೊತ್ತು ಮುಳುಗುವುದರೊಳಗೆ ಮನೆ ಸೇರುವ ಲೆಕ್ಕದಲ್ಲಿ ಅಳೆಯುವವರ ನಾಡಿನಲ್ಲಿ ಸೆಕೆಂಡಿನ ಹತ್ತನೆಯ ಭಾಗಕ್ಕೆ ಕೆಲಸವೇ ಇರಲಿಲ್ಲ.

ಆಯ್ಕೆಯಾದವರು ಆರು ಜನ. ಓಟಕ್ಕೆ ಬಂಗಾಳದ ಪೂರ್ಮ ಬ್ಯಾನರ್ಜಿ, ಬೆಳಗಾವಿಯ ಫಡೆಪ್ಪ ಚೌಗುಲೆ, ಸಾತಾರೆಯ ಸದಾಶಿವ ದಾತಾರ್ ಮತ್ತು ಕೈಕಾಡಿ; ಕುಸ್ತಿಗೆ ಕುಮಾರ್ ನವಲೆ ಮತ್ತು ರಣಧೀರ ಶಿಂಧೆ. ಗರಡಿಯ ಬೆಂಬಲವಿದ್ದ ಶಿಂಧೆ ನಾಲ್ಕನೆಯ ಸ್ಥಾನದವರೆಗೆ ಹೋಗಿ ಪದಕದ ಹೊಸ್ತಿಲಲ್ಲಿ ನಿಂತರು.

ಫಡೆಪ್ಪನವರ ಹೆಸರಿನ ಬಗ್ಗೆ ಒಂದು ಮಾತು. ಫಡೆಪ್ಪ, ದರೆಪ್ಪ ಎಂಬ ‘ಅಪ್ಪ’ ಅಂತ್ಯದ ಹೆಸರುಗಳು ನಮ್ಮ ಕಿವಿಗೆ ಕನ್ನಡದವು. ಚೌಗುಲೆ ಎಂಬುದು ಪಾಟೀಲನ ಕೈಕೆಳಗಿನ ಗ್ರಾಮಾಧಿಕಾರಿಯ ಹುದ್ದೆಯಿಂದ ಬಂದ ಮನೆತನದ ಹೆಸರು. ಗಡಿಯ ಎರಡೂ ಕಡೆ ಸಿಗುತ್ತದೆ. ಹಾಗೆ ನೋಡಿದರೆ ಆಗ ಆ ಗಡಿಯೇ ಇರಲಿಲ್ಲ. 1956ರವರೆಗೆ ಬೆಳಗಾವಿಯೂ ಪುಣೆಯೂ ಒಂದೇ ಮುಂಬಯಿ ಪ್ರಾಂತ್ಯದ ಊರುಗಳು. ಫಡೆಪ್ಪನವರು ಪುಣೆಗೆ ಓಡಲು ಬಂದಾಗ ಹೊರನಾಡಿಗೆ ಬಂದಿರಲಿಲ್ಲ. ಗೆರೆ ಬಿದ್ದದ್ದು ಆಮೇಲೆ; ಅದರ ಈಚೆಗೆ ಉಳಿದ ನಾವು ‘ಹೊರನಾಡ ಕನ್ನಡಿಗ’ರಾದೆವು. ಅವರನ್ನು ಇಂದು ಇವರು ನಮ್ಮವರು ಎಂದು ಎರಡು ಭಾಷೆಯವರೂ ಹೇಳಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಇಬ್ಬರೂ ಮರೆತುಬಿಡುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ನಡೆದದ್ದು ಬಹುಮಟ್ಟಿಗೆ ಮರೆವೇ.

ಆಂಟ್‌ವರ್ಪಿಗೆ ಹೋಗುವ ದಾರಿಯಲ್ಲಿ ತಂಡ ಇಂಗ್ಲೆಂಡಿನಲ್ಲಿ ಕೆಲಕಾಲ ನಿಂತು ತರಬೇತಿ ಪಡೆಯಿತು. ಹದಿನೈದೋ ಇಪ್ಪತ್ತೋ ವರ್ಷ ದೇಹ ತಾನಾಗಿ ಕಲಿತದ್ದನ್ನು ಕೆಲವೇ ವಾರಗಳಲ್ಲಿ ಹೊಸ ವ್ಯಾಕರಣಕ್ಕೆ ಹೊಂದಿಸುವ ಯತ್ನ ಅದು. ಎದುರಾಳಿಗಳ ಹಿನ್ನೆಲೆ ಬೇರೆ. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮಾಯ್ನೆನ್ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲೇ ಮೂರು ಚಿನ್ನ ಗೆದ್ದಿದ್ದವರು. ಅವರ ಹಿಂದೆ ಬರಲಿದ್ದ ಪಾವೋ ನುರ್ಮಿ ಕೈಯಲ್ಲಿ ಗಡಿಯಾರ ಹಿಡಿದು ಓಡುವುದನ್ನೇ ಒಂದು ಶಾಸ್ತ್ರವಾಗಿಸಿದರು. ಅಲ್ಲಿ ಓಟಕ್ಕೆ ಗರಡಿ ಸಿದ್ಧವಾಗಿತ್ತು.

ಫಡೆಪ್ಪನವರ ಆ ವಾರ ಏರಿಳಿತದ ವಾರ. ಮೊದಲು ಅವರು 10,000 ಮೀಟರ್ ಓಟಕ್ಕೆ ಇಳಿದರು, ಪೂರೈಸಲಿಲ್ಲ. ಅದೇ ವಾರದ ಕೊನೆಯಲ್ಲಿ ಮ್ಯಾರಥಾನ್. ಅಂದು ಮಳೆ, ಚಳಿ. ದಾರಿಯ ಉದ್ದ 42.75 ಕಿಲೋಮೀಟರು. ಮ್ಯಾರಥಾನಿಗೆ ಈಗ ನಿಗದಿಯಾಗಿರುವ 42.195 ಕಿಲೋಮೀಟರಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಒಲಿಂಪಿಕ್ಸ್‌ನ ಮ್ಯಾರಥಾನುಗಳಲ್ಲಿ ಇದೇ ಅತಿ ಉದ್ದದ್ದು. ಹೊರಟವರು 48, ಗುರಿ ಮುಟ್ಟಿದವರು 35. ಕೊಲೆಹ್ಮಾಯ್ನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ ಗೆದ್ದರು. ಅವರಿಗಿಂತ ಸುಮಾರು ಹದಿನೆಂಟು ನಿಮಿಷ ತಡವಾಗಿ ಫಡೆಪ್ಪ ಬಂದರು. ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ ಸರಿಯಾಗಿ ನಾಲ್ಕು ನಿಮಿಷ. ಇಂದಿನ ಪುಣೆಯಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡುವ ಹವ್ಯಾಸಿಗಳಲ್ಲಿ ಬಹಳ ಜನ ಒಂದೇ ಒಂದು ಕಿಲೋಮೀಟರನ್ನೂ ಆ ವೇಗದಲ್ಲಿ ಓಡಲಾರರು. ನಾನೂ ಆ ಬಹಳ ಜನರಲ್ಲಿ ಒಬ್ಬ.

ಅದೇ ಓಟದಲ್ಲಿ ಸಾತಾರೆಯ ಸದಾಶಿವ ದಾತಾರ್ ಕೂಡ ಇದ್ದರು. ಫಲಿತಾಂಶದಲ್ಲಿ ಅವರ ಹೆಸರಿನ ಮುಂದೆ ಇರುವುದು ‘ಪೂರೈಸಲಿಲ್ಲ’ ಎಂಬ ಷರಾ ಮಾತ್ರ. ಎಲ್ಲಿ ನಿಂತರು, ಕಾಲು ಕೈಕೊಟ್ಟಿತೋ ಚಳಿ ತಡೆಯಲಾಗಲಿಲ್ಲವೋ, ಪಟ್ಟಿ ಅದನ್ನು ಹೇಳುವುದಿಲ್ಲ. ಪಟ್ಟಿಯ ಗುಣವೇ ಅದು. ಗುರಿ ಮುಟ್ಟಿದವರಿಗೆ ಒಂದು ಅಂಕೆ, ಮುಟ್ಟದವರಿಗೆ ಒಂದು ಷರಾ. ಆದರೆ ಓಟವನ್ನು ಅಭ್ಯಾಸ ಮಾಡುವವರಿಗೆ ಗೊತ್ತಿದೆ: ವರ್ಷದ ಮುನ್ನೂರು ದಿನಗಳು ಅಂಕೆಯೂ ಅಲ್ಲದ ಷರಾವೂ ಅಲ್ಲದ ದಿನಗಳು. ಫಡೆಪ್ಪನವರ ಹೆಸರಿನ ಮುಂದೆ ಒಂದೇ ವಾರದಲ್ಲಿ ಎರಡೂ ಇವೆ. 10,000 ಮೀಟರಿನಲ್ಲಿ ನಿಂತುಬಿಟ್ಟ ಕಾಲುಗಳೇ ಮ್ಯಾರಥಾನನ್ನು ಮುಗಿಸಿದವು. ಹತ್ತೊಂಬತ್ತನೆಯ ಸ್ಥಾನಕ್ಕಿಂತ ಈ ಎರಡು ದಾಖಲೆಗಳ ನಡುವಿನ ಕೆಲವು ದಿನಗಳೇ ನನಗೆ ದೊಡ್ಡದಾಗಿ ಕಾಣುತ್ತವೆ. ಸೋತ ಮೇಲೆ, ಪರದೇಶದಲ್ಲಿ, ಪರಭಾಷೆಯವರ ನಡುವೆ, ಮತ್ತೆ ಸಾಲಿನಲ್ಲಿ ಹೋಗಿ ನಿಂತದ್ದು ಆ ದಿನಗಳಲ್ಲಿ.

ಇದರ ಬಳಿಕ ಓಟಕ್ಕೂ ನಿಧಾನವಾಗಿ ಗರಡಿ ಕಟ್ಟಿಕೊಂಡಿತು. 1920ರಲ್ಲಿಯೇ ಮದ್ರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಅವರ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ಆರಂಭವಾಯಿತು. 1927ರಲ್ಲಿ ದೋರಾಬ್ಜಿ ಟಾಟಾ ಅವರನ್ನೇ ಮೊದಲ ಅಧ್ಯಕ್ಷರನ್ನಾಗಿಸಿಕೊಂಡು ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು. 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, 2001ರಲ್ಲಿ ನಮ್ಮ ಪುಣೆಯಲ್ಲಿಯೇ ಸೇನಾ ಕ್ರೀಡಾ ಸಂಸ್ಥೆ. ಹಳ್ಳಿಯ ಹುಡುಗ ಸೈನ್ಯ ಸೇರಿ ಅಲ್ಲಿ ಓಟಗಾರನಾಗುವುದು ಈಗ ಪರಿಚಿತ ದಾರಿ. ಆದರೆ ಈ ಗರಡಿಗಳೆಲ್ಲ ಮುಖ್ಯವಾಗಿ ಸಮತಲದ ಓಟದವು. ನಾನೂರು ಮೀಟರಿನ ಸುತ್ತು, ಹಾಸಿದ ಹಾದಿ. ಹೊಲ-ಕಾಡು-ಗುಡ್ಡಗಳ ನಡುವಿನ ಕ್ರಾಸ್‌ಕಂಟ್ರಿ ಓಟ ಒಲಿಂಪಿಕ್ಸ್‌ನಲ್ಲಿ ಇದ್ದದ್ದು 1912, 1920, 1924ರ ಮೂರು ಕೂಟಗಳಲ್ಲಿ ಮಾತ್ರ. 1924ರ ಪ್ಯಾರಿಸ್‌ನಲ್ಲಿ ಸುಡುಬಿಸಿಲಿಗೆ ಹೊರಟ 38 ಜನರಲ್ಲಿ 15 ಜನ ಮಾತ್ರ ಗುರಿ ಮುಟ್ಟಿದರು. ದಾರಿಯುದ್ದಕ್ಕೂ ಜನ ಕುಸಿದರು. ಅಲ್ಲಿಗೆ ಆ ಓಟವನ್ನೇ ಕೈಬಿಡಲಾಯಿತು. ಗುಡ್ಡದ ಓಟ ದಾಖಲೆಯ ಲೋಕದಿಂದ ಹೊರಗುಳಿಯಿತು.

ಅದು ಮರಳಿ ಬಂದದ್ದು ಬೇರೆ ಬಾಗಿಲಿನಿಂದ. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕುದುರೆಗಳಿಗೆಂದು ನಡೆಯುತ್ತಿದ್ದ ನೂರು ಮೈಲಿಯ ಬೆಟ್ಟದ ಸ್ಪರ್ಧೆಯಲ್ಲಿ ಗಾರ್ಡಿ ಏನ್ಸ್‌ಲೀ ಎಂಬವರು ಕುದುರೆಯಿಲ್ಲದೆ ತಾವೇ ಓಡಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಿದರು. ಇಂದು ಟ್ರೇಲ್ ರನ್ನಿಂಗ್ ಎಂದು ಕರೆಯುವ ಆಟಕ್ಕೆ ಹೊಸ ಚಾಲನೆ ಕೊಟ್ಟ ಘಟನೆಗಳಲ್ಲಿ ಅದು ಮುಖ್ಯವಾದದ್ದು. ಕುದುರೆಯ ಹಾದಿಯಲ್ಲಿ ಮನುಷ್ಯ ಓಡಿದ್ದು ಅಲ್ಲಿ ಸುದ್ದಿಯಾಯಿತು. ನಮ್ಮ ಹರಿಕಾರರಿಗೆ ಅದು ನಿತ್ಯದ ಕೆಲಸವಾಗಿತ್ತು. ಈ ಆಟ ಭಾರತಕ್ಕೆ ಬಂದಾಗ ಪುಣೆ ಅದಕ್ಕೆ ತಕ್ಕ ಊರಾಗಿ ಒದಗಿತು. ಸಿಂಹಗಡ, ರಾಜಗಡ, ತೋರಣ ಕೋಟೆಗಳನ್ನು ಒಂದೇ ಉಸಿರಿಗೆ ಪೋಣಿಸುವ ದೀರ್ಘ ಓಟ ಇಂದು ದೇಶದಾದ್ಯಂತದ ಓಟಗಾರರನ್ನು ಸೆಳೆಯುತ್ತದೆ. ಅತ್ತ ನಮ್ಮ ಮಲೆನಾಡಿನ ಕಾಫಿ ತೋಟಗಳ ನಡುವೆಯೂ ಇಂಥ ಓಟ ನಡೆಯುತ್ತದೆ.

ಇಲ್ಲಿಯ ಅಭ್ಯಾಸವನ್ನು ಕಲಿಸುವ ಮೊದಲ ಗುರು ಕಲ್ಲು. ಪುಣೆಯ ಗುಡ್ಡಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕಪ್ಪು ಬಸಾಲ್ಟ್ ಶಿಲೆಯವು. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಹಿಡಿದು ಸಾಬೂನಿನಂತೆ ಜಾರುತ್ತದೆ. ಅಕ್ಟೋಬರ್ ಬಂದರೆ ಹುಲ್ಲು ಸೊಂಟದೆತ್ತರ, ಕೆಳಗಿನ ಕಲ್ಲು ಕಾಣದು. ಫೆಬ್ರವರಿಯ ಹೊತ್ತಿಗೆ ಹುಲ್ಲು ಒಣಗಿ ಉದುರಿ, ಸಡಿಲ ಮುರುಮು ಹೆಜ್ಜೆಯ ಕೆಳಗೆ ಗೋಲಿಯಂತೆ ಉರುಳುತ್ತದೆ. ಏಪ್ರಿಲ್‌ನಲ್ಲಿ ಬೆಳಗಿನ ಎಂಟಕ್ಕೇ ಬಂಡೆ ಕಾಯುತ್ತದೆ. ಒಂದೇ ದಾರಿ ವರ್ಷಕ್ಕೆ ನಾಲ್ಕು ದಾರಿಯಾಗುತ್ತದೆ. ಬೆಳಗಾವಿಯ ಕಡೆ ಈ ಕಪ್ಪು ಶಿಲೆ ಕೆಂಪು ಜಂಬಿಟ್ಟಿಗೆಗೆ ಎಡೆಮಾಡಿಕೊಡುತ್ತದೆ. ಫಡೆಪ್ಪನವರ ಕಾಲಿಗೆ ಎರಡೂ ನೆಲಗಳ ಪರಿಚಯವಿದ್ದೀತು.

ಎರಡನೆಯ ಗುರು ಇಳಿಜಾರು. ಹೊಸಬರು ಏರಿಗೆ ಅಂಜುತ್ತಾರೆ, ಪಳಗಿದವರು ಇಳಿತಕ್ಕೆ. ಏರುವಾಗ ದುಡಿಯುವುದು ಉಸಿರು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಆ ಕೆಲಸದಲ್ಲಿ ಸ್ನಾಯುವಿನ ಎಳೆಗಳು ನವುರಾಗಿ ಹರಿಯುತ್ತವೆ. ನೋವು ಅಂದೇ ತಿಳಿಯದು. ಮರುದಿನ, ಮೂರನೆಯ ದಿನ ಮಹಡಿಯ ಮೆಟ್ಟಿಲು ಇಳಿಯುವಾಗ ತಿಳಿಯುತ್ತದೆ. ವಾಸಿಯಾದ ಮೇಲೆ ಅದೇ ಸ್ನಾಯು ಮುಂದಿನ ಕೆಲವು ವಾರ ಅಂಥ ಇಳಿತವನ್ನು ಕಡಿಮೆ ನೋವಿನಿಂದ ತಾಳುತ್ತದೆ. ಅಂದರೆ ಇಲ್ಲಿ ಹಾನಿಯೇ ಪಾಠ. ಅಭ್ಯಾಸವೆಂದರೆ ತಾಳುವಷ್ಟು ಹಾನಿಯನ್ನು ಅಳೆದು ಮಾಡಿಕೊಳ್ಳುವುದು. ಆ ಅಳತೆ ಪುಸ್ತಕದಿಂದ ಬರುವುದಿಲ್ಲ. ಎರಡು ವರ್ಷದ ಹಿಂದೆ ಮಳೆಗಾಲದ ಒಂದು ಮುಂಜಾನೆ ವೇತಾಳ ಟೇಕಡಿಯಿಂದ ಇಳಿಯುತ್ತ, ಚೆನ್ನಾಗಿ ಓಡುತ್ತಿದ್ದೇನೆಂಬ ಬಿಂಕದ ಗಳಿಗೆಯಲ್ಲಿಯೇ ಕಣಕಾಲು ಉಳುಕಿಸಿಕೊಂಡೆ. ಆರು ವಾರ ಮನೆಯಲ್ಲಿ. ಮತ್ತೆ ಹೊರಟಾಗ ಮೊದಲು ಬಿಟ್ಟಲ್ಲಿಂದ ಶುರುವಾಗಲಿಲ್ಲ, ಮೊದಲಿನಿಂದಲೇ ಶುರುವಾಯಿತು. ಈ ಸಂಗತಿಯಲ್ಲಿ ವಿಶೇಷವೇನೂ ಇಲ್ಲ. ಗುಡ್ಡದಲ್ಲಿ ಓಡುವ ಪ್ರತಿಯೊಬ್ಬರ ಬಳಿಯೂ ಇಂಥದೊಂದು ಆರು ವಾರವಿದೆ. ಆ ದಿನಗಳಲ್ಲಿಯೇ ನಾನು ದಾತಾರರ ಹೆಸರಿನ ಮುಂದಿನ ಷರಾವನ್ನು ಮೊದಲ ಬಾರಿಗೆ ಗಮನವಿಟ್ಟು ನೋಡಿದ್ದು.

ನಮ್ಮ ಈ ಓಟಕ್ಕೂ ಹಳೆಯ ಓಟಕ್ಕೂ ಇರುವ ಅಂತರವನ್ನು ಮರೆಯಬಾರದು. ನಮಗೆ ಬೂಟುಗಳಿವೆ, ನಾಡಿ ಎಣಿಸುವ ಗಡಿಯಾರವಿದೆ, ಬಿದ್ದರೆ ರಜೆಯಿದೆ, ಬಿಟ್ಟರೆ ಕೇಳುವವರಿಲ್ಲ. ಭಾನುವಾರ ನಸುಕಿನಲ್ಲಿ ಆತಕರವಾಡಿಯಿಂದ ಸಿಂಹಗಡ ಹತ್ತುವಾಗ, ಮೇಲೆ ಮಾರಲು ಸರಕು ಹೊತ್ತು ಏರುವ ಹೆಂಗಸರು-ಗಂಡಸರು ಅದೇ ಮೆಟ್ಟುದಾರಿಯಲ್ಲಿ ಸಿಗುತ್ತಾರೆ. ಗಡದ ಮೇಲೆ ನಾವು ಉಣ್ಣುವ ಪಿಠಲ-ಭಾಕರಿ, ಅಂದರೆ ನಮ್ಮ ಜುಣಕ-ರೊಟ್ಟಿ, ಮಡಕೆಯ ಮೊಸರು, ಎಲ್ಲವೂ ಹೀಗೆ ಯಾರದೋ ತಲೆಯ ಮೇಲೆ, ಹೆಗಲ ಮೇಲೆ ಏರಿದ್ದು. ಸಮುದ್ರಮಟ್ಟದಿಂದ 1,300 ಮೀಟರಿಗೂ ಮೇಲಿರುವ ಆ ಕೋಟೆಯನ್ನು ನಾನು ಎಷ್ಟು ನಿಮಿಷಕ್ಕೆ ಏರಿದೆನೆಂದು ಬರೆದಿಡುತ್ತೇನೆ. ಒಮ್ಮೆ ಒಬ್ಬ ಅಜ್ಜಿಯನ್ನು, ದಿನಾ ಹತ್ತುತ್ತೀರಾ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಗಿರಾಕಿ ಬರೋದು ಮೇಲೆ ತಾನೇ ಬಾಳಾ?” ಎಂಬ ಅರ್ಥದ ಮರಾಠಿ ಮಾತು ಹೇಳಿ ಮುಂದೆ ಹೋದರು. ದೋರಾಬ್ಜಿ ಟಾಟಾ 1919ರಲ್ಲಿ ಕಂಡದ್ದು ಇಂಥವರ ಮನೆಯ ಮಕ್ಕಳನ್ನೇ ಇರಬೇಕು.

ಹಾಗಾದರೆ ನಾವು ಓಡುವುದು ವ್ಯರ್ಥದ ಸೊಗಸೇ? ಹಾಗೆಂದು ನನಗೆ ಅನ್ನಿಸಿಲ್ಲ. ದುಡಿಮೆಯಿಂದ ದೂರ ಸರಿದು ಕುರ್ಚಿಗೆ ಅಂಟಿಕೊಂಡ ದೇಹ ತನ್ನ ಹಿರಿಯರ ಒಂದು ವಿದ್ಯೆಯನ್ನು ತಡವಾಗಿಯಾದರೂ ಮತ್ತೆ ಕಲಿಯುತ್ತಿದೆ. ಆದರೆ ಕಲಿಯುವಾಗ ಅದರ ಹಿಂದಿನ ಋಣ ಗೊತ್ತಿರಬೇಕು. ಋಣ ತಿಳಿಯದಿದ್ದರೆ, ಈ ಆಟ ಪರದೇಶದಿಂದ ಬೂಟಿನ ಪೆಟ್ಟಿಗೆಯೊಡನೆ ಬಂದದ್ದೆಂದು ತಿಳಿದು ಕಾಲ ಕೆಳಗಿನ ನೆಲವನ್ನೇ ಕಳೆದುಕೊಳ್ಳುತ್ತೇವೆ.

ನೆಲ ಕಳೆದುಕೊಳ್ಳುವ ಮಾತು ಬರಿಯ ಅಲಂಕಾರವಲ್ಲ. ಸುಮಾರು 800 ಮೀಟರ್ ಎತ್ತರದ ವೇತಾಳ ಟೇಕಡಿ ಪುಣೆ ನಗರದೊಳಗಿನ ಅತಿ ಎತ್ತರದ ತಾಣ. ನೆತ್ತಿಯಲ್ಲಿ ವೇತಾಳನ ಗುಡಿ, ಕೆಳಗೆ ಹಳೆಯ ಕಲ್ಲುಗಣಿಯ ಹೊಂಡ, ಪೊದೆಯಲ್ಲಿ ನವಿಲು. ಬೆಳಗಾದರೆ ನಡೆಯುವವರು, ಓಡುವವರು, ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗ-ಹುಡುಗಿಯರು. ಕಾಸು ಕೊಡದೆ ಸಿಗುವ ಗರಡಿ ಇದು. ಇದರ ಮೈಮೇಲೆ ಬಾಲಭಾರತಿ-ಪೌಡ್ ಫಾಟಾ ರಸ್ತೆ, ಸುರಂಗಗಳು ಎಂಬ ಯೋಜನೆಗಳು ಬಂದಾಗ, 2023ರ ಏಪ್ರಿಲ್‌ನಲ್ಲಿ ಸಾವಿರಾರು ಪುಣೇಕರರು ಗುಡ್ಡ ಉಳಿಸಿ ಎಂದು ಬೀದಿಗಿಳಿದರು. ಊರಿಗೆ ರಸ್ತೆ ಬೇಡವೇ ಎಂಬ ಪ್ರಶ್ನೆಗೂ ತೂಕವಿದೆ. ಪುಣೆಯ ವಾಹನದಟ್ಟಣೆಯಲ್ಲಿ ದಿನಕ್ಕೆರಡು ತಾಸು ಕಳೆಯುವವರು ಅದನ್ನು ಲಘುವಾಗಿ ಕಾಣಲಾರರು. ಆದರೆ ರಸ್ತೆಗೆ ಬೇರೊಂದು ದಾರಿ ಹುಡುಕಬಹುದು. ಗುಡ್ಡಕ್ಕೆ ಬೇರೊಂದು ಗುಡ್ಡ ಸಿಗದು.

ಹೊರನಾಡಿನಲ್ಲಿರುವ ನಾವು ವರ್ಷಕ್ಕೊಮ್ಮೆ ರಾಜ್ಯೋತ್ಸವದಂದು ಇಲ್ಲಿಯ ಮಣ್ಣಿಗೂ ನಮಗೂ ಇರುವ ನಂಟಿನ ಕುರುಹುಗಳನ್ನು ಹುಡುಕುತ್ತೇವೆ. ಈ ಸೀಮೆಯನ್ನು ‘ಪುಣಕ ವಿಷಯ’ವೆಂದು ಕರೆದ ರಾಷ್ಟ್ರಕೂಟರ ತಾಮ್ರಪಟವನ್ನು ನೆನೆಯುತ್ತೇವೆ, ನೆನೆಯಬೇಕಾದದ್ದೇ. ಅದರ ಪಕ್ಕದಲ್ಲಿ ಬೆಳಗಾವಿಯಿಂದ ಬಂದು ಇಲ್ಲಿ ಓಡಿದ ಒಬ್ಬ ಯುವಕನ ಹೆಸರನ್ನೂ ಇಡಬಹುದು. ತಾಮ್ರಪಟ ಬರೆಸಿದವರು ಅರಸರು. ಈತ ತನಗಾಗಿ ಏನನ್ನೂ ಬರೆಸಲಿಲ್ಲ. ಉಳಿದಿರುವುದು ಬೇರೆಯವರು ಬರೆದಿಟ್ಟ ಎರಡು ದಾಖಲೆ: ಒಂದು ಅಪೂರ್ಣ, ಒಂದು ಹತ್ತೊಂಬತ್ತು.

ನಾಳೆ ನಸುಕಿನಲ್ಲಿ ಮತ್ತೆ ಟೇಕಡಿಯ ಬುಡಕ್ಕೆ ಹೋಗಬೇಕು. ಈ ವಾರ ಮಳೆ ಹಿಡಿದಿದೆ, ಕಲ್ಲು ಜಾರುತ್ತಿರುತ್ತದೆ. ಉಳುಕಿದ ಕಣಕಾಲು ಇಂಥ ದಿನಗಳಲ್ಲಿ ತನ್ನನ್ನು ನೆನಪಿಸುತ್ತದೆ. ಅರ್ಧಕ್ಕೆ ತಿರುಗಿ ಬಂದರೂ ಬಂದೇನು. ತಿರುಗಿ ಬಂದವನು ಮತ್ತೊಂದು ಬೆಳಗು ಹೋಗಿ ಸಾಲಿನಲ್ಲಿ ನಿಲ್ಲಬಹುದೆಂದು ಫಡೆಪ್ಪನವರು ನೂರು ವರ್ಷದ ಹಿಂದೆಯೇ ತೋರಿಸಿಕೊಟ್ಟಿದ್ದಾರೆ.